ಹಸಿರು ಹುಡುಗಿ, ಗುಲಾಬಿ ಪೈಲ್ವಾನ ಮತ್ತು ನನ್ನ ಇಂಕು

ನನ್ನ ತಂಗಿಯ ಮಗಳ ಫೋಟೋ ಕೈಗೆ ಬಂದ ಕೂಡಲೇ ಲಕ್ಷ್ಮೇಶ್ವರದ ಬೀಗರ ಮನೆಯ ಅಜ್ಜಿ ಮೊದಲು ಏನು ಕೇಳಿರಬಹುದು? ಊಹೆ ಮಾಡಿ ನೋಡೋಣ. ಹೆಸರು? ಅಲ್ಲ. ಓದು? ಅಲ್ಲ. ಅಡಿಗೆ ಬರುತ್ತದೋ ಇಲ್ಲವೋ? ಅದೂ ಅಲ್ಲ.

"ಪಾಪ, ಹುಡುಗಿಗೆ ಆರಾಮ ಇಲ್ಲೇನ್ರಿ?"

ಯಾಕೆಂದರೆ ಫೋಟೋದಲ್ಲಿ ಹುಡುಗಿ ಹಸಿರಾಗಿದ್ದಳು. ಎಳೆ ಹೀರೇಕಾಯಿ ಇರುತ್ತದಲ್ಲ, ಆ ಹಸಿರು!

ಪ್ರಿಂಟ್ ಮಾಡಿದವನು ನಾನೇ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ಗದಗಿನ ಮನೆಯಲ್ಲಿ ಒಂದು ಫೋಟೋ ಪ್ರಿಂಟರ್ ಇಟ್ಟುಕೊಂಡು ಭಾರೀ ಖುಷಿಯಲ್ಲಿದ್ದೇನೆ. ಹುಡುಗ, ಹುಡುಗಿ ಒಬ್ಬರಿಗೊಬ್ಬರು ಒಪ್ಪಿಯಾಗಿತ್ತು. ಬಾಕಿ ಇದ್ದದ್ದು ಹುಡುಗನ ಅಜ್ಜಿಯ ಒಪ್ಪಿಗೆ ಒಂದೇ. ಅವರಿಗೋ ಮೊಬೈಲಿನಲ್ಲಿ ನೋಡಿದ್ದು ನೋಡಿದ ಲೆಕ್ಕಕ್ಕಿಲ್ಲ. "ಕೈಯಾಗ ಹಿಡಿಯೋ ಫೋಟೋ ಕಳಸ್ರಿ" ಎಂದರು. ಕಳಿಸಿದೆ. ಹೀಗೆ ಒಂದು ಒಳ್ಳೆಯ ಸಂಬಂಧ ನನ್ನ ಇಂಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಪ್ರಿಂಟರ್ ಇದ್ದ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಬೈಸಿಕೊಳ್ಳುವವನು ಪ್ರತಿ ಸಲವೂ ನಾನೇ ಯಾಕೆ?

ಹಸಿರು ಆಡು

ಇಂಕು ಪ್ರಿಂಟರ್ ಕಂಪನಿಯದಲ್ಲ, ನಿಜ. ಅಂಗಡಿಯವನು ನಾಲ್ಕು ಬಾಟ್ಲಿ ಮುಂದಿಟ್ಟು, "ಹೆಸರು ಬ್ಯಾರೆ ಅಷ್ಟ ರೀ ಸರ, ಒಳಗಿನ ಮಾಲು ಒಂದ" ಎಂದಿದ್ದ. ಅದಕ್ಕೇ ದೋಷ ಇಂಕಿನದು ಎಂದು ನಾನು ಸುಲಭಕ್ಕೆ ಒಪ್ಪಲಿಲ್ಲ. ಅದೇ ವಾರ ಮುಂಡರಗಿಯ ಗೆಳೆಯನಿಗೆ ಒಂದು ಫೋಟೋ ಪ್ರಿಂಟ್ ಮಾಡಿ ಕೊಟ್ಟೆ. ಹೋದ ಬೇಸಿಗೆಯಲ್ಲಿ ಡೋಣಿ ಊರಿನ ಹತ್ತಿರ ನಾವಿಬ್ಬರೂ ನಿಂತು ತೆಗೆದ ಕಪ್ಪತಗುಡ್ಡದ ಫೋಟೋ.

"ನೋಡಲೇ, ಗುಡ್ಡ ಎಷ್ಟು ಹಸರಾಗಿ ಬಂದೈತಿ!" ಎಂದೆ.

ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಬ್ಯಾಸಿಗ್ಯಾಗ ಗುಡ್ಡ ಹಸರಾತು, ಆಗಲಿ, ಒಪ್ಪಿದೆ. ಅಲ್ಲಿ ಮೇಯಾಕತ್ತಿದ್ದ ಬಿಳಿ ಆಡೂ ಹಸರಾಗೇತಲ್ಲೋ. ತಿಂದದ್ದು ಅಷ್ಟು ಜಲ್ದಿ ಮೈಗೆ ಹತ್ತಿತೇನು?"

ಎಲ್ಲರೂ ಸಾಚಾ

ಪ್ರಿಂಟರ್ ಕಂಪನಿಗೆ ಫೋನ್ ಮಾಡಿದೆ. "ಹೊರಗಿನ ಇಂಕು ಹಾಕೀರಿ, ನಮಗೂ ಅದಕ್ಕೂ ಸಂಬಂಧ ಇಲ್ಲ." ಇಂಕಿನವರಿಗೆ ಮಾಡಿದೆ. "ಇಂಕು ಚಲೋ ಐತ್ರಿ, ಪೇಪರ್ ಬದಲಿ ಮಾಡ್ರಿ." ಪೇಪರ್ ಕೊಟ್ಟ ಶಿರಹಟ್ಟಿಯ ಅಂಗಡಿಗೆ ಹೋದೆ. ಅವನಂತೂ ಫೋಟೋ ಮುಟ್ಟಲೂ ಇಲ್ಲ. "ಪೇಪರ್ ಬೆಳ್ಳಗ ಐತಿಲ್ರಿ? ಅಷ್ಟ ನಮ್ಮ ಜವಾಬ್ದಾರಿ" ಎಂದ. ಎಂಥ ನ್ಯಾಯ ನೋಡಿ! ಎಲ್ಲರೂ ಸಾಚಾ, ಹುಡುಗಿ ಮಾತ್ರ ಹಸಿರು.

ಮನೆಗೆ ಬಂದರೆ ನಮ್ಮ ಮನೆಯವರು, "ನಿಮ್ಮ ಕಣ್ಣ ತೋರಿಸಿಕೊಂಡ ಬರ್ರಿ ಮೊದಲ" ಎಂದರು. ಸಿಟ್ಟಿನಲ್ಲೇ ಹೋದೆ. ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿದ ಮೇಲೆ ಸಾಕ್ಷಿಗೆಂದು ಹುಡುಗಿಯ ಫೋಟೋ ಮುಂದಿಟ್ಟೆ. ಅವರ ಮುಖ ಗಂಭೀರವಾಯಿತು.

"ನಿಮ್ಮ ಕಣ್ಣು ಭೇಷ್ ಅದಾವ್ರಿ ಸರ. ನೀವು ಮನಿಗೆ ಹೋಗಿ, ಈ ಪೇಷೆಂಟ್‌ನ ಜಲ್ದಿ ಕಳಸ್ರಿ."

ನಾಚಿಕೊಂಡ ಪೈಲ್ವಾನ

ಕೊನೆಗೆ ನಾನೇ ಹಟ ಹಿಡಿದು ಕುಳಿತೆ. ಮೊದಲು ಕಂಪ್ಯೂಟರಿನಲ್ಲಿ ಗುಲಾಬಿ ಬಣ್ಣವನ್ನು ತುದಿಮುಟ್ಟ ಏರಿಸಿದೆ. ಹಸಿರು ಜಗ್ಗಲಿಲ್ಲ. ಆಮೇಲೆ ಪ್ರಿಂಟರಿನ ಬಣ್ಣ ಪರೀಕ್ಷೆಯ ಹಾಳೆ ತೆಗೆದು ನೋಡಿದರೆ ಗುಲಾಬಿ ಗೆರೆಗಳೇ ಮಾಯ! ಆ ಇಂಕು ಬರುವ ತೂತು ಕಟ್ಟಿಕೊಂಡಿತ್ತು. ಗುಲಾಬಿ ಇಲ್ಲದ ಕಡೆ ಹಸಿರಿನದೇ ದರ್ಬಾರು. ಪ್ರಿಂಟರಿನ ತಲೆ ತೊಳೆಸಿದೆ. ಗುಲಾಬಿ ಹರಿಯಿತು. ಆದರೆ ಕಂಪ್ಯೂಟರಿನಲ್ಲಿ ಏರಿಸಿದ್ದನ್ನು ಇಳಿಸುವುದು ಖುಷಿಯಲ್ಲಿ ಮರೆತೇ ಹೋಯಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಸಾಹೇಬರು ಬಂದರು. ಒಣಮೆಣಸಿನಕಾಯಿ ವ್ಯಾಪಾರಿಗಳು. ಅವರ ತಂದೆ ಹೆಸರಾಂತ ಪೈಲ್ವಾನರು, ಕೊಂಬಿನಂಥ ಮೀಸೆ. ಅವರ ಫೋಟೋ ದೊಡ್ಡದು ಮಾಡಿಕೊಟ್ಟೆ. ಸಾಹೇಬರು ನೋಡಿದರು. ಗಲ್ಲ ಗುಲಾಬಿ, ತುಟಿ ಗುಲಾಬಿ, ಮೀಸೆಯ ತುದಿಯೂ ಗುಲಾಬಿ.

"ಸರ," ಎಂದರು ಮೆಲ್ಲಗೆ, "ನಮ್ಮ ಅಬ್ಬಾ ಜಿಂದಗಿಯಾಗ ಯಾರ ಮುಂದೂ ನಾಚಿಕೊಂಡವರಲ್ಲ. ಖರೆ ಹೇಳ್ರಿ, ನೀವು ಏನಂದ್ರಿ ಅವರಿಗೆ?"

ಇದಕ್ಕೂ ದೊಡ್ಡ ಅನಾಹುತವೆಂದರೆ, ಅದೇ ಖುಷಿಯಲ್ಲಿ ಪ್ರಿಂಟ್ ಹಾಕಿ, ಸರಿಯಾಗಿ ನೋಡದೆ ಲಕೋಟೆಗೆ ಸೇರಿಸಿದ್ದ ಹುಡುಗಿಯ ಎರಡನೆಯ ಫೋಟೋ ಅಂದು ಬೆಳಿಗ್ಗೆಯೇ ಲಕ್ಷ್ಮೇಶ್ವರಕ್ಕೆ ಹೋಗಿಬಿಟ್ಟಿತ್ತು. ಸಂಜೆ ತಂಗಿಗೆ ಅಜ್ಜಿಯ ಫೋನು. "ಆಗ ಹಸರು, ಈಗ ಕೆಂಪು. ಜ್ವರ ಏರೈತೇನ್ ಯವ್ವಾ? ನಾನ ಬಂದು ಕಣ್ಣಾರೆ ನೋಡತೇನಿ."

ತಂಗಿ ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು. "ಅಣ್ಣಾ, ಸಂಬಂಧ ತಪ್ಪಿದ್ರ ಆ ಪ್ರಿಂಟರ್ ನಾನ ಬಾವಿಗೆ ಒಗಿತೇನಿ."

ಒಂದೇ ಒಂದು ಸರಿಯಾದ ಫೋಟೋ

ನಾನು ಎಲ್ಲ ಬಣ್ಣ ಇದ್ದಲ್ಲಿಗೆ ತಂದು, ಪ್ರಿಂಟರ್ ಸರಿಮಾಡಿ, ಬೆಟಗೇರಿಯ ತಂಗಿಯ ಮನೆಗೆ ಹೋಗಿ ಕುಳಿತೆ. ಬೀಗರ ಜೀಪು ಬಂದು ನಿಂತಿತು. ಅಜ್ಜಿ ಇಳಿದರು. ಮುಖ ಅಪ್ಪಟ ಹಸಿರು! ಬಿಳಿ ಕೂದಲು ಗುಲಾಬಿ. ಹಿಂದೆ ಮದುಮಗ ನೇರಳೆ. ಅವನಪ್ಪ ಯಾವ ಬಣ್ಣವೆಂದು ಹೇಳಲು ನನ್ನ ರಸಾಯನಶಾಸ್ತ್ರ ಸಾಲದು.

"ನಮ್ಮ ಓಣ್ಯಾಗ ಹುಣ್ಣಿವಿ ಮರುದಿನಾನ ಬಣ್ಣ ಮುಗೀತು," ಅಜ್ಜಿ ಹೊಸ್ತಿಲಲ್ಲೇ ಗುಡುಗಿದರು. "ನಿಮ್ಮೂರಾಗ ಇನ್ನೂ ಐತಿ ಅಂತ ಒಬ್ಬರರ ಹೇಳಬಾರದೇನ್ರಿ? ಮುದುಕಿ ಅಂತ ನೋಡಲಿಲ್ಲ, ಜೀಪಿಗೆ ಅಡ್ಡ ನಿಂತು ಕೊಡ ಕೊಡ ಹೊಯ್ದರು!"

ಆಗ ನಮ್ಮ ಹುಡುಗಿ ಟವೆಲ್ ಹಿಡಿದು ಹೊರಗೆ ಬಂದಳು. ಆರೋಗ್ಯದ ಮುಖ, ಒಂದು ಕಲೆಯಿಲ್ಲ. ಅಜ್ಜಿಯನ್ನು ನೋಡಿದಳು. ಬಹಳ ಕಳಕಳಿಯಿಂದ ಕೇಳಿದಳು:

"ಅಜ್ಜಿ, ನಿಮಗ ಆರಾಮ ಇಲ್ಲೇನ್ರಿ?"

ನನ್ನ ತಂಗಿ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಒಂದು ಕ್ಷಣ ದಿಟ್ಟಿಸಿದರು, ಆಮೇಲೆ ಹಲ್ಲಿನ ಸೆಟ್ ಕೈಯಲ್ಲಿ ಹಿಡಿದುಕೊಳ್ಳುವಷ್ಟು ನಕ್ಕರು. "ಈಕಿ ನಮ್ಮ ಮನಿಗೆ ಬೇಕ ಬೇಕ. ಸಕ್ರಿ ತರ್ರಿ!"

ಅಲ್ಲೇ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದು, ಮನೆಗೆ ಹೋಗಿ ಪ್ರಿಂಟ್ ಹಾಕಿದೆ. ಬಣ್ಣ ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಇದ್ದದ್ದು ಇದ್ದ ಹಾಗೆ. ಆ ಇಂಕಿನಿಂದ ಬಂದ ಮೊದಲ ಖರೇ ಫೋಟೋ! ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ.

ಬಂದವರು, ಹೋದವರು, ಅದೇ ಮುಂಡರಗಿಯ ಗೆಳೆಯ, ಸಾಹೇಬರು, ಎಲ್ಲರದೂ ಒಂದೇ ಮಾತು. "ಇಂಕು ಇನ್ನೂ ಸರಿ ಆಗಿಲ್ಲೇನ್ರಿ ಸರ?" ಮೈಯೆಲ್ಲ ಉರಿಯುತ್ತದೆ! ಅದಕ್ಕೇ ಈಗ ಕಟ್ಟಿನ ಕೆಳಗೆ ದಪ್ಪ ಅಕ್ಷರದಲ್ಲಿ, ಕೆಂಪಿನಲ್ಲಿ, ಬರೆದು ಅಂಟಿಸಿದ್ದೇನೆ: ಈ ಫೋಟೋ ತೆಗೆದ ದಿನ, ರಂಗಪಂಚಮಿ.