ಒಂದನೇ ನಂಬರಿನ ಆಡು

ಗೋಳೆಲ್ಲ ಶುರುವಾದದ್ದು ಜೇನುನೊಣಗಳಿಂದ.

ಚಿರೊಂಬೆ ಗಡಿ ಠಾಣೆಯ ಟ್ರೈಮೋರ್ ಚಿಗುಂಬಾ ಆವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿಗೆ ಎರಡು ಸಲ ಪಾಲಿಶ್ ಹಾಕಿಕೊಂಡು ಕಚೇರಿಗೆ ಬರುವ ಹೊತ್ತಿಗೆ ಅಂಗಳದಲ್ಲಿ ಜೇನಿನ ಡಬ್ಬಗಳನ್ನು ಹೇರಿದ ಪಿಕಪ್ ಗಾಡಿ ನಿಂತಿತ್ತು. ಅದರ ಮುಂದೆ ಸುಂಕದ ಇನ್‌ಸ್ಪೆಕ್ಟರ್ ಗಾಡ್‌ನೋಸ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಗಾಡ್‌ನೋಸ್ ಹಾಗೆ ನಿಂತನೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ಜೇನುಗೂಡು ಎಲ್ಲಿವೆ?" ಎಂದು ಅವನು ಜೇನಿನವನನ್ನು ಕೇಳುತ್ತಿದ್ದ.

"ಗುಡ್ಡದ ಮೇಲೆ ಸಾರ್. ಈ ಕಡೆ ಮಗ್ಗುಲಲ್ಲಿ."

"ಹೂವು?"

"ಯಾವ ಹೂವು?"

"ನಿನ್ನ ನೊಣ ಹೋಗಿ ಕೂತ್ಕೊಳ್ಳೋ ಹೂವು."

ಜೇನಿನವನು ಸತ್ಯವಂತ. ಮಾಡಿದ ತಪ್ಪು ಅದೊಂದೇ. "ಹೂವು ಗುಡ್ಡದ ಆಚೆ ಸಾರ್. ಈ ಕಡೆ ಮರ ಎಲ್ಲ ಕಡಿದಾಯ್ತಲ್ಲ. ನೊಣ ಬೆಳಿಗ್ಗೆ ಮೊಜಾಂಬಿಕ್‌ಗೆ ಹೋಗಿ ಸಂಜೆ ಬರ್ತವೆ."

ಗಾಡ್‌ನೋಸ್ ಟ್ರೈಮೋರನ ಕಡೆ ತಿರುಗಿದ. "ಕೇಳಿಸಿಕೊಂಡ್ರಾ ಸೋಕೊ? ಕಚ್ಚಾ ಮಾಲು ಪರದೇಶದ್ದು. ನಾನು ಸಹಿ ಹಾಕಲ್ಲ."

ಸೋಕೊ ಎಂಬುದು ಟ್ರೈಮೋರನ ಕುಲದ ಹೆಸರು. ಗಾಡ್‌ನೋಸ್ ಕುಲದ ಹೆಸರು ಹಿಡಿದು ಮರ್ಯಾದೆಯಿಂದ ಕರೆದಾಗಲೆಲ್ಲ ಹಿಂದೆಯೇ ಒಂದು ಕತ್ತರಿ ಬರುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಮಂತ್ರಿಗಳು ಬರುವವರಿದ್ದರು. ಸುತ್ತಲಿನ ದೇಶಗಳೆಲ್ಲ ಸೇರಿ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡಿದ್ದವು. ಇನ್ನು ಮೇಲೆ ಆಯಾ ದೇಶದಲ್ಲೇ ಹುಟ್ಟಿದ ಸರಕಾದರೆ ಸುಂಕವಿಲ್ಲದೆ ಗಡಿ ದಾಟಬಹುದು, ಆದರೆ ಇಲ್ಲೇ ಹುಟ್ಟಿದ್ದೆಂದು ತೋರಿಸಲು ಮೂಲದ ಪ್ರಮಾಣಪತ್ರ ಬೇಕು. ದೇಶವನ್ನು ಇದಕ್ಕೆಲ್ಲ ಸಿದ್ಧಗೊಳಿಸುವ ಘಟಕ ಎಂದು ಚಿರೊಂಬೆಯಲ್ಲಿ ಒಂದು ಬೋರ್ಡ್ ಇತ್ತು. ಬೋರ್ಡಿನ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ಟ್ರೈಮೋರ್, ಘಟಕವೆಂದರೆ ಅಷ್ಟೇ. ಮೂರು ದಿನ ತರಬೇತಿ ಕೊಟ್ಟು, ನಾನೂರ ಹನ್ನೆರಡು ಪುಟದ ನಿಯಮದ ಪುಸ್ತಕವನ್ನೂ ಒಂದು ಹೆಗಲಚೀಲವನ್ನೂ ಕೈಗಿಟ್ಟು ಕಳಿಸಿದ್ದರು. ಚೀಲ ಉಪಯೋಗಕ್ಕೆ ಬಂದಿತ್ತು.

ಹರಾರೆಯ ಮೇಲಧಿಕಾರಿ ನ್ಯಾಂಡೊರೊ ಮೇಡಂ ಹಿಂದಿನ ದಿನವೇ ಫೋನಿನಲ್ಲಿ ಬಿಡಿಸಿ ಹೇಳಿದ್ದರು. "ನೋಡಿ ಚಿಗುಂಬಾ, ಪ್ರಮಾಣಪತ್ರ ನಂಬರ್ ಒಂದು, ಮಂತ್ರಿಗಳ ಕೈಯಿಂದ, ಸರಿಯಾಗಿ ಮೂರು ಗಂಟೆಗೆ. ಸರಕು ಗಡಿಯ ಸೇತುವೆ ದಾಟಬೇಕು. ದಾಟಿದ್ರೆ ನಿಮ್ಮ ವರ್ಗಾವಣೆ ಆದೇಶ ನನ್ನ ಬ್ಯಾಗಲ್ಲೇ ಇರುತ್ತೆ, ಕೊಟ್ಟೇ ಹೋಗ್ತೀನಿ. ದಾಟಲಿಲ್ಲ ಅಂದ್ರೆ ಬ್ಯಾಗು ಬಂದ ಹಾಗೇ ವಾಪಸ್ ಹೋಗುತ್ತೆ."

ಆ ಆದೇಶಕ್ಕಾಗಿ ಟ್ರೈಮೋರ್ ಹನ್ನೊಂದು ಅರ್ಜಿ ಹಾಕಿದ್ದ. ಹೆಂಡತಿ ರುವಿಂಬೊ ಹರಾರೆಯ ಶಾಲೆಯಲ್ಲಿ ಟೀಚರು, ಮಗಳು ನ್ಯಾರಾಯಿ ಅವಳ ಜೊತೆಗೆ. ಇವನು ಆರು ವರ್ಷದಿಂದ ಈ ಗಡಿಯಲ್ಲಿ ಒಬ್ಬನೇ ಜೋಳದ ಮುದ್ದೆ ತಿರುವಿಕೊಂಡು ದಿನ ನೂಕುತ್ತಿದ್ದ. ರಜೆ ಸಿಕ್ಕಿ ಮನೆಗೆ ಹೋದರೆ ಮಗಳು ಬಾಗಿಲಲ್ಲೇ, "ಅಪ್ಪ, ಯಾವಾಗ ವಾಪಸ್ ಹೋಗ್ತೀರಿ?" ಎಂದು ಕೇಳುತ್ತಿದ್ದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಬೇರೆ ಮಕ್ಕಳು ಏನು ತಂದಿರಿ ಎಂದು ಕೇಳುವಂತೆ ಅವಳು ಇದನ್ನು ಕೇಳುತ್ತಿದ್ದಳು. ಟ್ರೈಮೋರನಿಗೆ ಮಾತ್ರ ಮರಳಿ ಬರುವಾಗ ಬಸ್ಸಿನುದ್ದಕ್ಕೂ ಅದೇ ಪ್ರಶ್ನೆ ಕೇಳಿಸುತ್ತಿತ್ತು.

ಜೇನಿನ ಗಾಡಿ ತಿರುಗಿ ಹೋಗುತ್ತಿದ್ದಂತೆ ಜೇಬಿನಲ್ಲಿ ಫೋನ್ ಅದುರಿತು. ರುವಿಂಬೊ. ಆದೇಶ ಕೈಗೆ ಬಂದ ಮೇಲೆ ಒಂದೇ ಸಲ ಖುಷಿ ಸುದ್ದಿ ಹೇಳೋಣವೆಂದು ಅವನು ಕರೆಯನ್ನು ಕತ್ತರಿಸಿದ.

ಜೇನು ತಿರುಗಿ ಹೋಯಿತು, ಒಂದನೇ ನಂಬರಿಗೆ ಬೇರೆ ಸರಕು ಬೇಕಂತೆ ಎಂಬ ಸುದ್ದಿ ಹಬ್ಬಲು ಚಿರೊಂಬೆಯಲ್ಲಿ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಮೊದಲು ಬಂದವನು ದರ್ಜಿ ಲವ್‌ಮೋರ್. ಶಾಲಾ ಸಮವಸ್ತ್ರದ ಒಂದು ಗಂಟನ್ನೇ ಮೇಜಿನ ಮೇಲೆ ಬಿಚ್ಚಿದ.

"ಇಲ್ಲೇ ಹೊಲಿದದ್ದು ಸೋಕೊ. ಇದಕ್ಕಿಂತ ಸ್ವದೇಶಿ ಇನ್ನೇನು ಬೇಕು?"

"ಬಟ್ಟೆ?" ಎಂದ ಗಾಡ್‌ನೋಸ್, ಕರೆಯದೆಯೇ ಒಳಗೆ ಬಂದು.

"ಬಟ್ಟೆ ಚೀನಾದ್ದು."

"ದಾರ?"

"ಅದೂ ಅಲ್ಲಿಂದಾನೇ."

"ಗುಂಡಿ?"

"ಗುಂಡಿ ನಮ್ಮತ್ತಿಗೆ ಹಚ್ತಾಳೆ."

"ಅತ್ತಿಗೆ ಯಾವ ಊರವರು?"

ಲವ್‌ಮೋರ್ ಗುಂಡಿಗಳನ್ನೇ ನೋಡುತ್ತ, "ಮೊಜಾಂಬಿಕ್ ಕಡೆಯವಳು" ಎಂದ. ಗಂಟು ಮತ್ತೆ ಕಟ್ಟಿದ.

ಚಹಾದಂಗಡಿಯವಳು ಕಡಲೆಕಾಯಿ ಬೆಣ್ಣೆಯ ಬಾಟಲಿ ತಂದಳು. ಕಡಲೆಕಾಯಿ ಜಾಂಬಿಯಾದಿಂದ ಲಾರಿಯಲ್ಲಿ ಬಂದದ್ದೆಂದು ಗೊತ್ತಾಯಿತು. ಬುಟ್ಟಿ ಹೆಣೆಯುವವರು ಬಂದರು. ಬುಟ್ಟಿಯ ಜೊಂಡನ್ನು ಗಡಿಯ ಹೊಳೆಯ ಯಾವ ದಡದಲ್ಲಿ ಕೊಯ್ದಿರಿ ಎಂದು ಕೇಳಿದ್ದಕ್ಕೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಳೆಗೆ ಆಚೆ ಈಚೆ ಇದೆ ಎಂಬುದೇ ಅವರ ತಲೆಗೆ ಹೊಳೆದಿರಲಿಲ್ಲ. ಗಂಟೆ ಹನ್ನೆರಡಾಯಿತು. ಇಡೀ ಚಿರೊಂಬೆಯಲ್ಲಿ ಪೂರ್ತಿಯಾಗಿ ಈ ದೇಶದ್ದೇ ಆದ ವಸ್ತು ಒಂದೂ ಸಿಗಲಿಲ್ಲ. ಟ್ರೈಮೋರ್ ಅಂಗಿಯ ಕಾಲರ್ ಸಡಿಲಿಸಿಕೊಂಡು, ಬಂದ ದಿನದಿಂದ ತೆರೆಯದ ಪುಸ್ತಕವನ್ನು ತೆರೆದ.

ಮೂವತ್ತೆಂಟನೇ ಪುಟದಲ್ಲಿ, ಪೂರ್ತಿ ಸ್ವದೇಶಿ ಎನಿಸುವ ಸರಕಿನ ಪಟ್ಟಿಯಲ್ಲಿ ಇತ್ತು: ಆ ದೇಶದಲ್ಲೇ ಹುಟ್ಟಿ ಆ ದೇಶದಲ್ಲೇ ಬೆಳೆದ ಜೀವಂತ ಪ್ರಾಣಿ. ತಲೆಯೆತ್ತಿದರೆ ಎದುರಿನ ಬೇಲಿಯಲ್ಲಿ ಅಂಬುಯಾ ಎಸ್ತೆರಿಯ ಕಂದು ಆಡು ನಿಂತು ಎಲೆ ಕೀಳುತ್ತಿತ್ತು. ಊರಿಗೆಲ್ಲ ಅಂಬುಯಾ, ಅಂದರೆ ಅಜ್ಜಿ, ಆಗಿದ್ದ ಎಸ್ತೆರಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಟ್ರೈಮೋರ್ ಓಡಿದ. ಹಿಂದೆ ಗಾಡ್‌ನೋಸ್ ಕೂಡ ಓಡಿದ, ತಪ್ಪು ಹುಡುಕುವ ಅವಕಾಶ ಕೈತಪ್ಪೀತೆಂದು.

"ಈ ಆಡು ಎಲ್ಲಿ ಹುಟ್ಟಿದ್ದು ಅಂಬುಯಾ?"

"ನನ್ನ ಅಡುಗೆಮನೇಲಿ. ಹೊರಗೆ ಮಳೆ."

"ಸಾಕ್ಷಿ ಯಾರಿದ್ರು?" ಎಂದ ಗಾಡ್‌ನೋಸ್.

"ನೀನೇ ಇದ್ಯಲ್ಲಪ್ಪ. ಕೊಡೆ ಕೇಳೋಕೆ ಬಂದವನು ಬಾಗಿಲಲ್ಲೇ ಮುಖ ತಿರುಗಿಸಿಕೊಂಡು ನಿಂತೆ."

ಗಾಡ್‌ನೋಸ್ ಕೆಮ್ಮಿದ. "ಮೇವು?"

"ನಿಮ್ಮ ಠಾಣೆ ಬೇಲಿ. ದಿನಾ ಇಲ್ಲೇ ಮೇಯುತ್ತೆ. ಹೊಳೆ ಕಂಡ್ರೆ ಅದಕ್ಕೆ ಭಯ, ಆ ಕಡೆ ಕಾಲಿಟ್ಟಿಲ್ಲ."

ಸರ್ಕಾರಿ ಬೇಲಿ ತಿಂದು ಬೆಳೆದ ಆಡು. ಗಾಡ್‌ನೋಸ್ ತಕರಾರಿಲ್ಲದೆ ಸಹಿಗೆ ಪೆನ್ನು ತೆಗೆದ. ಅವನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಹೀಗಾದದ್ದು ಇದೇ ಮೊದಲು.

"ಅಂಬುಯಾ, ಈ ಆಡನ್ನ ದೇಶಕ್ಕೋಸ್ಕರ ಕೊಡಬೇಕು" ಎಂದ ಟ್ರೈಮೋರ್, ಮಂಡಿಯೂರಿ, ಆ ಕಡೆಯ ಮರ್ಯಾದೆಯಂತೆ ಎರಡೂ ಅಂಗೈ ಮೆಲ್ಲಗೆ ತಟ್ಟುತ್ತ. "ಆಚೆಯವರಿಗೆ ಮಾರೋದು. ಒಳ್ಳೇ ಬೆಲೆ ಬರುತ್ತೆ."

ಅಜ್ಜಿ ಆಡಿನ ಕಡೆ ನೋಡಿದಳು. "ಹಾಗೆಲ್ಲ ಕೊಡೋಕಾಗಲ್ಲ ಮಗ. ಮೊದಲು ಒಂದು ಮಾತು ಕೇಳಬೇಕಲ್ಲ, ಈ ಆಡು..."

ಟ್ರೈಮೋರನಿಗೆ ಥಟ್ಟನೆ ಅರ್ಥವಾಯಿತು. ಮುದುಕಿ ಮನೆಯ ಹಿರಿಯರ ಆತ್ಮಗಳ ಅಪ್ಪಣೆ ಕೇಳಬೇಕೆನ್ನುತ್ತಿದ್ದಾಳೆ. ಮಾತು ಮುಗಿಯುವವರೆಗೂ ಕಾಯದೆ ಚಹಾದಂಗಡಿಗೆ ಓಡಿ, ಒಂದು ಡಬ್ಬಿ ನಶ್ಯ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಕೇಳಿ ಅಂಬುಯಾ. ಹಿರಿಯರ ಮುಂದೆ ನಶ್ಯ ಇಟ್ಟು ಕೇಳಿ. ಬೇಡ ಅನ್ನಲ್ಲ ಅವರು."

ಅಜ್ಜಿ ಡಬ್ಬಿಯನ್ನೂ ಅವನನ್ನೂ ನೋಡಿದಳು. ಒಂದು ಚಿಟಿಕೆ ಏರಿಸಿದಳು. "ನಶ್ಯ ಚೆನ್ನಾಗಿದೆ" ಎಂದಳು. ಅಷ್ಟು ಸಾಕಾಯಿತು ಟ್ರೈಮೋರನಿಗೆ.

ಜೇನು ಕೊಳ್ಳಬೇಕಿದ್ದ ಆಚೆ ದಡದ ವ್ಯಾಪಾರಿ ಸಿಮಾಂಗೊಗೆ ಫೋನ್ ಮಾಡಿದ. "ಜೇನಿನ ಬದಲು ಆಡಾ?" ಎಂದ ಸಿಮಾಂಗೊ. "ಆಗಲಿ ಬಿಡಿ. ನನಗೂ ಸೂಟು ಹಾಕ್ಕೊಂಡು ಸೇತುವೆ ಮೇಲೆ ನಿಲ್ಲೋದು ತಾನೇ ಕೆಲಸ."

ಆಡಿಗೆ ಸೋಪು ಹಾಕಿ ಸ್ನಾನ ಮಾಡಿಸುವಾಗ ಮತ್ತೆ ರುವಿಂಬೊಳ ಫೋನ್ ಬಂತು, ಐದನೇ ಸಲ. ಆಡು ಬೆಚ್ಚಿಬಿದ್ದು, ನೊರೆ ಸಮೇತ ಠಾಣೆಗೆ ಎರಡು ಸುತ್ತು ಹಾಕಿತು. ಟ್ರೈಮೋರನೂ ಹಾಕಿದ. ಕೊನೆಗೆ ಪಾಸ್‌ಪೋರ್ಟ್ ಸಾಲಿನಲ್ಲಿ ಅದನ್ನು ಹಿಡಿದ ಮೇಲೆ ಫೋನನ್ನೇ ಆರಿಸಿ ಡ್ರಾಯರಿಗೆ ಹಾಕಿದ. ಇಸ್ತ್ರಿಯ ಅಂಗಿ ಅಷ್ಟು ಹೊತ್ತಿಗೆ ನೆಲ ಒರೆಸುವ ಬಟ್ಟೆಯಂತಾಗಿತ್ತು.

ಮೂರಕ್ಕೆಂದವರು ನಾಲ್ಕೂ ಕಾಲಿಗೆ ಬಂದರು. ಮಂತ್ರಿಗಳು ಪ್ರಮಾಣಪತ್ರ ನಂಬರ್ ಒಂದನ್ನು ಎತ್ತಿ ಹಿಡಿದರು. ಕ್ಯಾಮೆರಾಗಳು ಮಿನುಗಿದವು. ಕತ್ತಿಗೆ ರಿಬ್ಬನ್ ಕಟ್ಟಿಕೊಂಡ ಆಡು ಹೊಳೆಯನ್ನು ಕಂಡು ಹಿಂಜಗ್ಗಿತು, ಟ್ರೈಮೋರ್ ಅದನ್ನು ಎತ್ತಿಕೊಂಡೇ ಸೇತುವೆ ದಾಟಿದ. ಜೊತೆಗೆ ಅಂಬುಯಾ ಹೊಸ ಶಾಲು ಹೊದ್ದು ಬಂದಳು. ಆಚೆ ತುದಿಯಲ್ಲಿ ನಿಂತಿದ್ದ ಸಿಮಾಂಗೊ ನಗುತ್ತ ಕೈ ಚಾಚಿದವನು ಆಡಿನ ಎಡಗಿವಿಯಲ್ಲಿ ತನ್ನ ಮನೆಯ ಗುರುತಿನ ಕಚ್ಚು ನೋಡಿ ಕೈ ಹಿಂದಕ್ಕೆಳೆದುಕೊಂಡ.

"ಅಂಬುಯಾ, ಇದು ನಮ್ಮ ಆಡಲ್ವಾ?"

"ಹೌದಪ್ಪ, ನಿಮ್ಮದೇ" ಎಂದಳು ಅಜ್ಜಿ.

ಸಿಮಾಂಗೊನ ಮುಖ ಬಾಡಿತು. "ಇದರ ಅಜ್ಜೀನ ನಮ್ಮಪ್ಪ ನಿಮ್ಮ ಯಜಮಾನರ ಕೈಗೆ ಕೊಟ್ಟಿದ್ದು. ಇಷ್ಟು ವರ್ಷ ಆದಮೇಲೆ ಹೇಳದೆ ಕೇಳದೆ, ರಿಬ್ಬನ್ ಕಟ್ಟಿ, ಊರಿನ ಮುಂದೆ ವಾಪಸ್ ಕಳಿಸಿದ್ರಿ. ನಮ್ಮಿಂದ ಏನು ತಪ್ಪಾಯ್ತು?"

ಗಡಿಯ ಗೆರೆ ಬೀಳುವ ಮುಂಚಿನಿಂದಲೂ ಆ ಗುಡ್ಡದ ಎರಡು ಮಗ್ಗುಲಿನವರೂ ಒಂದೇ ಮಾತಾಡುವ ಒಂದೇ ಜನ. ಒಬ್ಬರ ಆಡು, ಹಸುಗಳನ್ನು ಇನ್ನೊಬ್ಬರ ಮನೆಯಲ್ಲಿ ಸಾಕಲು ಬಿಡುವುದು ಅಲ್ಲಿನ ರೂಢಿ. ಹಾಲು, ಗೊಬ್ಬರ ಸಾಕಿದವರಿಗೆ. ಪ್ರಾಣಿಯೂ ಅದರ ಮರಿಗಳೂ ಬಿಟ್ಟವರಿಗೆ. ಮಾತಿಲ್ಲದೆ ವಾಪಸ್ ಕಳಿಸಿದರೆ, ಇನ್ನು ನಮಗೂ ನಿಮಗೂ ಸಂಬಂಧ ಹರಿಯಿತು ಎಂದು ಮುಖಕ್ಕೆ ಹೊಡೆದು ಹೇಳಿದಂತೆ. ಇದು ಟ್ರೈಮೋರನಿಗೆ ಗೊತ್ತಿಲ್ಲದ್ದೇನಲ್ಲ. ಅವನ ತಾತನ ಮನೆಯ ಹಸುಗಳಲ್ಲಿ ಅರ್ಧ ಪರರವೇ. ಪುಸ್ತಕದಲ್ಲಿ ಇರಲಿಲ್ಲವಾದ್ದರಿಂದ ನೆನಪಿಗೆ ಬರಲಿಲ್ಲ, ಅಷ್ಟೇ.

"ಕೇಳಬೇಕು ಅಂತ ನಾನು ಹೇಳ್ದೆ" ಎಂದಳು ಅಂಬುಯಾ. "ಈ ಹುಡುಗ ನಶ್ಯ ಕೊಟ್ಟ."

ಗಾಡ್‌ನೋಸ್ ಟ್ರೈಮೋರನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಅವನ ಆಡು ಅವನಿಗೇ ಮಾರೋಕಾಗಲ್ಲ ಸೋಕೊ. ನಾನೂರ ಹನ್ನೆರಡು ಪುಟದಲ್ಲಿ ಎಲ್ಲಿ ಹುಟ್ತು ಅಂತ ಇದೆ, ಯಾರದ್ದು ಅಂತ ಎಲ್ಲೂ ಕೇಳಿಲ್ಲ."

ಮಂತ್ರಿಗಳ ಜೊತೆ ಬಂದಿದ್ದ ನ್ಯಾಂಡೊರೊ ಮೇಡಂ ಬ್ಯಾಗನ್ನು ಎದೆಗೆ ಅವುಚಿಕೊಂಡರು. ಟ್ರೈಮೋರನಿಗೆ ಕಂಡದ್ದು ಆ ಬ್ಯಾಗೊಂದೇ. ಆಡನ್ನು ಕೆಳಗಿಳಿಸಿ ಸೇತುವೆಯ ಮೇಲೆಯೇ ಕುಕ್ಕರಗಾಲಿನಲ್ಲಿ ಕೂತು, ತಲೆ ತಗ್ಗಿಸಿ ಅಂಗೈ ತಟ್ಟಿದ. "ತಪ್ಪು ಅಂಬುಯಾರದ್ದಲ್ಲ, ನನ್ನದು. ನಿಮ್ಮ ಆಡು ನಿಮ್ಮ ಕ್ಷೇಮ ವಿಚಾರಿಸ್ಕೊಂಡು ಹೋಗೋಕೆ ಬಂದಿದೆ ಅಂದ್ಕೊಳ್ಳಿ."

ಅಷ್ಟು ಜನರ ಮುಂದೆ ತಲೆ ತಗ್ಗಿಸಿದವನಿಗೆ ಇಲ್ಲವೆನ್ನುವುದು ಆ ಸೀಮೆಯಲ್ಲಿ ಸಾಧ್ಯವಿಲ್ಲ. ಸಿಮಾಂಗೊ ತನ್ನ ಲಾರಿಯಿಂದ ಒಂದು ಬಿಳಿ ಹೆಣ್ಣಾಡನ್ನು ಇಳಿಸಿ, ಅಂಬುಯಾಳ ಕೈಗೆ ಎರಡೂ ಆಡುಗಳ ಹಗ್ಗ ಕೊಟ್ಟ. "ಇದನ್ನೂ ಸಾಕಿ. ಒಂದೇ ಇದ್ರೆ ಅದಕ್ಕೆ ಬೇಜಾರು."

ಹೀಗೆ ಆ ದೇಶದಿಂದ ಒಂದು ಆಡು ರಫ್ತಾಗಿ, ಐದೇ ನಿಮಿಷದಲ್ಲಿ ಎರಡು ಆಡು ಆಮದಾದವು. ಮಂತ್ರಿಗಳಿಗೆ ಮಾತೇನೂ ಕೇಳಿಸಿರಲಿಲ್ಲ, ಆಡುಗಳು ಹೋಗಿ ಬಂದದ್ದು ಕಂಡಿತ್ತು. ವರದಿಗಾರರ ಕಡೆ ತಿರುಗಿ, "ನೋಡಿ, ಒಪ್ಪಂದ ಶುರುವಾದ ದಿನವೇ ಎರಡೂ ಕಡೆ ವ್ಯಾಪಾರ" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಗಾಡ್‌ನೋಸ್ ಬಿಳಿ ಆಡಿನ ಹುಟ್ಟೂರು ಯಾವುದೆಂದು ಕೇಳಲು ಹೊರಟಿದ್ದ, ಲವ್‌ಮೋರ್ ಅವನ ಕಾಲು ತುಳಿದ.

ಕಾರು ಹತ್ತುವ ಮುಂಚೆ ನ್ಯಾಂಡೊರೊ ಮೇಡಂ ಬ್ಯಾಗು ತೆರೆದು ಲಕೋಟೆ ಕೊಟ್ಟರು. "ಮಂತ್ರಿಗಳೇ ಸಹಿ ಹಾಕಿದ್ದಾರೆ. ನಾಳೆಯಿಂದ ನೀವು ಹರಾರೆ ಕಚೇರಿ. ಇನ್ನು ಮೂರು ವರ್ಷ ಯಾರೂ ನಿಮ್ಮನ್ನ ಅಲುಗಾಡಿಸೋಕಾಗಲ್ಲ." ಕಾರುಗಳ ಸಾಲು ಧೂಳೆಬ್ಬಿಸಿ ಹೋಯಿತು. ಟ್ರೈಮೋರ್ ಧೂಳಿನಲ್ಲೇ ನಿಂತು ಆದೇಶವನ್ನು ಮೂರು ಸಲ ಓದಿದ. ಕಣ್ಣಲ್ಲಿ ನೀರು ಬಂತು. ಧೂಳು ಕಾರಣ ಎಂದುಕೊಂಡ, ಅಲ್ಲ ಎಂದು ಗೊತ್ತಿತ್ತು.

ಅದೇ ಧೂಳಿನೊಳಗಿಂದ ಹರಾರೆಯ ಬಸ್ಸು ಬಂದು ನಿಂತಿತು. ಮೇಲಿನಿಂದ ಒಂದು ಹಾಸಿಗೆ ಇಳಿಯಿತು. ನಂತರ ಕಪ್ಪು ಟ್ರಂಕು, ಪಾತ್ರೆಗಳ ಮೂಟೆ, ನಾಲ್ಕು ಕುರ್ಚಿ. ಅವು ತನ್ನ ಮನೆಯ ಕುರ್ಚಿಗಳೆಂದು ಟ್ರೈಮೋರನಿಗೆ ಹೊಳೆಯುವಷ್ಟರಲ್ಲಿ ಬಾಗಿಲಿನಿಂದ ರುವಿಂಬೊ ಇಳಿದಳು.

"ಬೆಳಿಗ್ಗೆಯಿಂದ ಎಷ್ಟು ಸಲ ಫೋನ್ ಮಾಡೋದು ನ್ಯಾರಾಯಿ ಅಪ್ಪ? ಸಾಮಾನು ಇಳಿಸೋಕೆ ಬನ್ನಿ ಅಂತ ಹೇಳೋಣ ಅಂದ್ರೆ." ಅವಳ ಮುಖವೆಲ್ಲ ನಗು. "ನನಗೆ ಇಲ್ಲಿನ ಶಾಲೆಗೇ ವರ್ಗ ಆಯ್ತು. ಎರಡು ವರ್ಷದಿಂದ ಓಡಾಡ್ತಿದ್ದೆ. ಮೊದಲೇ ಬಾಯಿಬಿಟ್ರೆ ಕೆಲಸ ಕೆಡುತ್ತೆ ಅಂತ ಅತ್ತೆ ಹೇಳಿದ್ರು, ಅದಕ್ಕೇ ಹೇಳಲಿಲ್ಲ. ಹರಾರೆ ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟು ಬಂದ್ವಿ. ಯಾಕೆ ಹೀಗೆ ನಿಂತಿದೀರಿ? ಕೈಯಲ್ಲಿ ಏನದು?"

ಗಾಡ್‌ನೋಸ್ ಆ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಓದಿದ. ಮಂತ್ರಿಗಳ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ತಪ್ಪು ಸಿಗಲೆಂದು ಮನಸಾರೆ ಹುಡುಕಿದ. "ಎಲ್ಲ ಸರಿಯಾಗಿದೆ ಸೋಕೊ" ಎಂದು ಮೆಲ್ಲಗೆ ಮರಳಿ ಕೊಟ್ಟ.

ನ್ಯಾರಾಯಿ ಕುರ್ಚಿಗಳ ನಡುವೆ ನುಸುಳಿ ಬಂದು ಅಪ್ಪನ ಮಣ್ಣಾದ ಅಂಗಿಯ ತುದಿ ಹಿಡಿದುಕೊಂಡಳು. ಮುಖವೆತ್ತಿ, ಯಾವತ್ತಿನ ಅಭ್ಯಾಸದಂತೆ ಕೇಳಿದಳು. "ಅಪ್ಪ, ಯಾವಾಗ ವಾಪಸ್ ಹೋಗ್ತೀರಿ?"

"ನಾಳೆ ಬೆಳಿಗ್ಗೆ ಮಗಳೇ" ಎಂದ ಟ್ರೈಮೋರ್.