ಆರನೆಯ ವಿಜ್ಞಾನಿ

ಎಲ್ಲವೂ ಅಚ್ಚುಕಟ್ಟಾಗಿರಲೇಬೇಕೆಂದು ನಾನು ಹಟ ಹಿಡಿದ ದಿನವೇ ನಮ್ಮ ಹಾಸ್ಟೆಲಿನಲ್ಲಿ ಏನಾದರೊಂದು ಆಭಾಸವಾಗುತ್ತದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ನನ್ನ ಶಿಸ್ತಿನಲ್ಲಿ ದೋಷವಿಲ್ಲ. ಆದರೂ ಶಿಕಾರಿಪುರದ ಈ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆದಮೇಲೆ ಹಾಸ್ಟೆಲುಗಳ ವಿಜ್ಞಾನ ಪ್ರದರ್ಶನದ ಶೀಲ್ಡು ಎರಡು ವರ್ಷವೂ ಸೊರಬದವರ ಪಾಲಾಗಿತ್ತು. ಈ ಸಲ ಬಿಡಬಾರದೆಂದು, ವಿಜ್ಞಾನದಲ್ಲಿ ಮೊದಲ ಹೆಜ್ಜೆಯಿಟ್ಟ ಆರು ಮಹಿಳೆಯರ ಚಿತ್ರಗಳನ್ನು ಗೋಡೆಗೆ ಹಾಕಲು ಹೊರಟೆ. ಆ ವಾರ ನಾನು ಒಂದು ಕಡೆ ಕೂತವಳಲ್ಲ.

1. ಫ್ರೇಮ್ ಅಂಗಡಿ

ಮೇಜಿನ ಮೇಲಿದ್ದ ಚಿತ್ರಗಳನ್ನು ಅವಸರದಲ್ಲಿ ಕವರಿಗೆ ತುಂಬಿ ಫ್ರೇಮ್ ಅಂಗಡಿಯ ಸಾಹೇಬರಿಗೆ ಕೊಟ್ಟೆ. ಮೇಲಿನ ಎರಡು ಕಪ್ಪು-ಬಿಳುಪು ಮುಖ ನೋಡಿ ಅವರು ಕನ್ನಡಕ ತೆಗೆದರು.

"ಆರೂ ಮಂದಿ ಒಂದೇ ಮನಿಯೋರೇನ್ರೀ ಮೇಡಂ? ಬಸ್ಸೇನಾರ ಪಲ್ಟಿ ಆತ್ರೀ?"

"ರೀ, ಇವರೆಲ್ಲ ವಿಜ್ಞಾನಿಗಳು!"

"ಅಯ್ಯೋ ಪಾಪ. ಹಂಗಾದ್ರ ಲ್ಯಾಬೇ ಸಿಡೀತೇನ್ರೀ?"

2. ಕುಂಕುಮ

ಐದು ಫ್ರೇಮು ಬಂದವು. ಆರನೆಯದರ ಗಾಜು ಒಡೆದಿದೆ, ಪ್ರದರ್ಶನದ ದಿನ, ಶುಕ್ರವಾರ ಬೆಳಿಗ್ಗೆ ತಾವೇ ತಂದು ಹಾಕುವುದಾಗಿ ಸಾಹೇಬರು ಹೇಳಿ ಕಳಿಸಿದರು. ಐದನ್ನು ಗೋಡೆಗೆ ಹಾಕಿಸಿ ಮತ್ತೆ ಬಂದು ನೋಡುತ್ತೇನೆ, ಜಡೆ ಊರಿನಿಂದ ಬರುವ ನಮ್ಮ ಅಡುಗೆಯಾಕೆ ಎಲ್ಲರ ಹಣೆಗೂ ಗಾಜಿನ ಮೇಲೆ ಕುಂಕುಮ ಇಟ್ಟಿದ್ದಾಳೆ.

"ಇದೇನೇ ಇದು? ಒರೆಸು! ಅದರಲ್ಲೂ ರೇಡಿಯಂ ಕಂಡುಹಿಡಿದ ಈಯಮ್ಮನಿಗೆ ಗಂಡ ಬೇರೆ ತೀರಿಹೋಗಿದ್ದರು."

"ಗಂಡ ಹೋದಮೇಲೂ ಇನ್ನೊಂದು ನೊಬೆಲ್ ತಗೊಂಡ್ರು ಅಂತ ಹುಡುಗೀರಿಗೆ ನೀವೇ ಹೇಳಿದ್ರಲ್ಲ ಅಮ್ಮಾ. ಅಂಥೋರಿಗೆ ಇಡದೆ ಇನ್ಯಾರಿಗೆ ಇಡೋದು?"

ಒರೆಸುವ ಬಟ್ಟೆಯನ್ನು ನಾನೇ ಮಡಚಿಟ್ಟೆ.

3. ಆರನೆಯ ಚಿತ್ರ

ಪ್ರತಿ ಚಿತ್ರಕ್ಕೂ ಒಬ್ಬ ಹುಡುಗಿ. ನನ್ನ ಆಜ್ಞೆ ಇಷ್ಟೇ: ಚಿತ್ರಕ್ಕೆ ಬೆನ್ನು, ತೀರ್ಪುಗಾರರಿಗೆ ಮುಖ, ಹಿಂದೆ ತಿರುಗಬಾರದು, ಬಾಯಿಪಾಠದಲ್ಲಿ ಒಂದಕ್ಷರ ಬದಲಿಸಬಾರದು.

ಶುಕ್ರವಾರ ನಾನು ಗೇಟಿಗೂ ಬಾಗಿಲಿಗೂ ಅಲೆಯುತ್ತಿದ್ದಾಗ ಸಾಹೇಬರು ಒಳಗೆ ಹೋಗಿ ಬಂದರು. "ಹಾಕೀನ್ರೀ ಮೇಡಂ. ಗಂಧದ ಹಾರ ನನ್ ಕಡಿಂದ." ಅಷ್ಟರಲ್ಲಿ ತೀರ್ಪುಗಾರ್ತಿಯ ಜೀಪು ಬಂತು.

ಆಕೆ ಐದು ಚಿತ್ರಕ್ಕೂ ತಲೆದೂಗಿದರು. ಆರನೆಯದರ ಮುಂದೆ ತಾಳಗುಂದದ ಹುಡುಗಿ ನೆಟ್ಟಗೆ ನಿಂತು ಶುರುಮಾಡಿದಳು: "ಇವರು ಚಳಿಯಲ್ಲಿ ರಾತ್ರಿಯೆಲ್ಲ ಆಕಾಶ ನೋಡಿ ಧೂಮಕೇತುಗಳನ್ನು ಕಂಡುಹಿಡಿದರು. ಗಿಡ್ಡಗಿದ್ದರೂ ಛಲಗಾರ್ತಿ..."

ತೀರ್ಪುಗಾರ್ತಿ ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ನಾನೂ ನೋಡಿದೆ. ಧೂಮಕೇತುವಿನ ಮಹಿಳೆ ನನ್ನ ಮೇಜಿನ ಮೇಲೇ ಉಳಿದಿದ್ದರು. ಹಾರದೊಳಗಿದ್ದದ್ದು ಅದೇ ಮೇಜಿನ ಮೇಲೆ ಬಿದ್ದಿದ್ದ, ಇಪ್ಪತ್ತು ವರ್ಷದ ಹಿಂದಿನ ನನ್ನ ಫೋಟೋ. ಬಿಗಿದ ತುಟಿ ಈಗಲೂ ಅದೇ.

ಕಣ್ಣು ಬಿಟ್ಟು ಹುಡುಗಿಗೆ ಸನ್ನೆ ಮಾಡಿದೆ. ತಾನು ಸಾಲು ಮರೆತೆನೆಂದು ನಾನು ಎಚ್ಚರಿಸುತ್ತಿದ್ದೇನೆ ಎಂದುಕೊಂಡು ಅವಳು ಇನ್ನೂ ಜೋರಾಗಿ ಮುಗಿಸಿದಳು: "ಇಂದು ಇವರು ನಮ್ಮೊಂದಿಗಿಲ್ಲ!"

ತೀರ್ಪುಗಾರ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಫಸ್ಟ್ ಪ್ರೈಜ್ ನಿಮಗೇ ಮೇಡಂ. ಆದರೆ ಶೀಲ್ಡ್ ಈಗ ಯಾರ ಕೈಗೆ ಕೊಡಲಿ?"