ಮರಳಿನ ಸುಲ್ತಾನ

ಕಲಬುರಗಿಯ ಕೋಟೆಯನ್ನು ಮರಳಿನಲ್ಲಿ ಕಟ್ಟಿ ತೋರಿಸುತ್ತೇನೆಂದು ಅಮೋಘಪ್ಪ ಬಸ್ಸಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಕಲಬುರಗಿಯ ಅವನ ಓಣಿಯವರೂ ಕಮಲಾಪುರದ ಬೀಗರೂ ಕೂಡಿ ಸಮುದ್ರ ನೋಡಲು ಹೊರಟ ಬಸ್ಸದು. ಕಡಲ ದಂಡೆಯ ಮರಳುದಿಬ್ಬಗಳ ಹತ್ತಿರ ಎಲ್ಲರೂ ಇಳಿಯುವಷ್ಟರಲ್ಲಿ ಪಕ್ಕದ ಮನೆಯ ಖಂಡೆಪ್ಪ ಅಲ್ಲಿಯ ಮರಳು ಶಿಲ್ಪದ ಸ್ಪರ್ಧೆಗೆ ಅವನ ಹೆಸರು ಬರೆಸಿಯೇ ಬಂದಿದ್ದ.

ಅಮೋಘಪ್ಪನಿಗೂ ಹುರುಪು ಬಂತು. ದಿಬ್ಬದ ಮೇಲಿಂದ ಚಿಕ್ಕ ಮಕ್ಕಳ ಹಾಗೆ ಜಾರಿ ಇಳಿದು, ಪ್ಯಾಂಟು ಮಡಚಿ ಕೆಲಸಕ್ಕೆ ನಿಂತ. ಸುತ್ತಲೂ ಸಲಹೆಗಾರರು. ಬುರುಜು ದಪ್ಪಾಯಿತೆಂದು ಒಬ್ಬ, ಕೋಟೆಯೊಳಗಿನ ಮಸೀದಿಯ ಗುಮ್ಮಟ ಉಬ್ಬದ ಪೂರಿಯಂತಿದೆಯೆಂದು ಇನ್ನೊಬ್ಬ. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಕಮಲಾಪುರದ ಕೆಂಪು ಬಾಳೆಹಣ್ಣಾಗಿತ್ತು. ಆದರೆ ಕೋಟೆ ನಿಜವಾಗಿಯೂ ಎದ್ದು ನಿಂತಿತ್ತು.

ಇನ್ನು ಬುರುಜಿನ ಮೇಲೆ ತೋಪು ಇಡುವುದೊಂದೇ ಬಾಕಿ ಎನ್ನುವಾಗ ಖಂಡೆಪ್ಪ ಸಹಾಯಕ್ಕೆ ಬಂದ. ಬಂದವನು ಎಡವಿ ಅಮೋಘಪ್ಪನ ಮೇಲೆ ಬಿದ್ದ. ಅಮೋಘಪ್ಪ ಅಂಗಾತ ಕೋಟೆಯ ಮೇಲೆ ಬಿದ್ದ. ಬುರುಜುಗಳೆಲ್ಲ ಅವನ ಮೇಲೆ ಬಿದ್ದವು. ಒದ್ದೆ ಮರಳು ಅಡಿಯಿಂದ ಮುಡಿಯವರೆಗೆ ಮೆತ್ತಿಕೊಂಡಿತು. ಏಳಬೇಕೆನ್ನುವಷ್ಟರಲ್ಲಿ ತೀರ್ಪುಗಾರರು ಬಂದರು.

“ಅಲುಗಾಡಬ್ಯಾಡ,” ಎಂದು ಖಂಡೆಪ್ಪ ಅವನ ಕಿವಿಯಲ್ಲಿ ಉಸುರಿ, ಎದ್ದು ನಿಂತು ಬಂದವರಿಗೆ ಹೇಳಿದ: “ಕ್ವಾಟಿ ಕಳಕೊಂಡ ಸುಲ್ತಾನ ನೋಡ್ರಿ ಇಂವಾ.”

ತೀರ್ಪುಗಾರರು ಬೆರಗಾದರು. ಹೊಟ್ಟೆಯಂತೂ ಉಸಿರಾಡುತ್ತಿರುವಂತೆಯೇ ಇದೆಯೆಂದು ಒಬ್ಬರು ಹೊಗಳಿದರು. ಮೂಗಿನ ಮೇಲೆ ಏಡಿಯೊಂದು ಹತ್ತಿ ಇಳಿದರೂ ಅಮೋಘಪ್ಪ ಮಿಸುಕಲಿಲ್ಲ.

ಇಳಿಹೊತ್ತಿಗೆ ಮೈಕು ಕೂಗಿತು. ಮೊದಲ ಬಹುಮಾನ ಅಮೋಘಪ್ಪನಿಗೆ: ಇಬ್ಬರಿಗೆ ಸಮುದ್ರದಲ್ಲಿ ದೋಣಿ ವಿಹಾರ! ಹಿಗ್ಗಿಗೆ ಅವನ ಎದೆಯ ಮೇಲಿನ ಮರಳು ಬಿರುಕುಬಿಟ್ಟಿತು. ವೇದಿಕೆಗೆ ಬರಬೇಕೆಂದು ಮತ್ತೆ ಮತ್ತೆ ಕರೆದರು. ಎದ್ದರೆ ಸುಲ್ತಾನನಿಲ್ಲ, ಏಳದಿದ್ದರೆ ಅಮೋಘಪ್ಪನಿಲ್ಲ. ಬಹುಮಾನ ಇನ್ನೇನು ಎರಡನೆಯವರ ಪಾಲಾಗಬೇಕು, ಅಷ್ಟರಲ್ಲಿ ಅವನ ಹೆಂಡತಿ ದುಂಡಮ್ಮ ವೇದಿಕೆ ಹತ್ತಿದಳು.

“ನಮ್ಮ ಮನಿಯವ್ರು ದಣದು ಮಲಗ್ಯಾರ್ರಿ. ಅವರ ಬದ್ಲಿ ನಾ ತಗೋತೀನ್ರಿ.”

ಬಹುಮಾನ ಕೈತಪ್ಪಲಿಲ್ಲ. ದುಂಡಮ್ಮ ಖಂಡೆಪ್ಪನ ಹೆಂಡತಿ ಶೀಲಾಳ ಕೈಹಿಡಿದುಕೊಂಡು ದೋಣಿ ಹತ್ತಿದಳು. ರೆಪ್ಪೆಗೆ ಅಂಟಿದ ಮರಳಿನ ಸಂದಿಯಿಂದ ಅಮೋಘಪ್ಪ ಅದನ್ನೂ ನೋಡಿದ. ಹೋಗಲಿ, ಜನ ಚದುರಿದೊಡನೆ ಮೆಲ್ಲಗೆ ಎದ್ದು ಬಸ್ಸು ಸೇರಿದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಜನ ಚದುರಿದರು. ಆದರೆ ಸ್ಪರ್ಧೆ ನಡೆಸಿದವರು ಬಂದು ಅವನ ಸುತ್ತ ಹಗ್ಗ ಕಟ್ಟಿ, ಒಬ್ಬ ಕಾವಲುಗಾರನನ್ನು ಕೂರಿಸಿ ಹೇಳಿದರು: “ಜೋಪಾನ ಮಾರಾಯ. ನಾಳೆ ಸಂಜೆ ಮಂತ್ರಿಗಳು ಬಂದು ನೋಡುವವರೆಗೆ ಈ ಸುಲ್ತಾನ ಹೀಗೇ ಇರಬೇಕು.”